ಮರಿಯ ಕಾಳುಚೀಲ: ಬೆರಳಿಟ್ಟು ನೋಡುವ ಎರಡು ಸಾವಿರ ವರ್ಷದ ಪಾಠ

ನಾಟಿಕೋಳಿ ಸಾಕೋರಿಂದ ಆಗಾಗ ಫೋನ್ ಬರ್ತಾ ಇರುತ್ತೆ. "ಅಣ್ಣಾ, ಹತ್ತು ದಿನದ ಮರಿ. ಕೊರಳ ಬುಡದಲ್ಲಿ ಗೋಲಿ ಥರ ಊದ್ಕೊಂಡಿದೆ. ಮೇಯ್ತಾ ಇಲ್ಲ, ರೆಕ್ಕೆ ಇಳಿಬಿಟ್ಕೊಂಡು ಮೂಲೇಲಿ ತೂಕಡಿಸ್ತಾ ನಿಂತಿದೆ. ಯಾವ ಔಷಧಿ ಹಾಕ್ಲಿ?" ಪ್ರಶ್ನೆ ಯಾವಾಗಲೂ ಔಷಧಿಯಿಂದಲೇ ಶುರು. ನಾನು ಮೊದಲು ಕೇಳೋದು ಇಷ್ಟೇ: ಬೆಳಗ್ಗೆ ಮೇವು ಹಾಕೋಕೆ ಮುಂಚೆ ಆ ಊತ ಮುಟ್ಟಿ ನೋಡಿದ್ರಾ? ಗಟ್ಟಿಗಿದೆಯೋ, ಮೆತ್ತಗಿದೆಯೋ? ಬಹಳ ಜನ ಮುಟ್ಟಿರೋದಿಲ್ಲ.

ಮುಟ್ಟಿ ನೋಡೋ ಈ ಪಾಠ ನಂದಲ್ಲ. ಯಾವ ಕಂಪನಿಯ ಕೈಪಿಡಿಯದ್ದೂ ಅಲ್ಲ. ಎರಡು ಸಾವಿರ ವರ್ಷದ ಹಿಂದೆ ಒಬ್ಬ ರೈತ ಇದನ್ನ ಬರೆದಿಟ್ಟಿದ್ದಾನೆ. ಇವತ್ತಿನ ಬರಹ ಆ ಪಾಠದ ಇತಿಹಾಸ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಕೊನೆಗೆ ನಿಮ್ಮ ಮರಿಗಳಿಗೆ ಉಪಯೋಗ ಆಗೋದೇ ಇದೆ.

ಮೊದಲು ಆ ಚೀಲದ ವಿಷಯ. ಕೋಳಿಗೆ ಹಲ್ಲಿಲ್ಲ. ಕೊಕ್ಕಿನಲ್ಲಿ ಹೆಕ್ಕಿದ್ದು ಅಗಿಯದೆ ಸೀದಾ ಗಂಟಲಿಗೆ ಇಳಿಯುತ್ತೆ. ಹೊಟ್ಟೆಗೆ ಹೋಗೋ ದಾರಿಯಲ್ಲಿ, ಎದೆಗೂಡಿನ ಮೇಲುಗಡೆ, ಸ್ವಲ್ಪ ಬಲಕ್ಕೆ ಒಂದು ತೆಳು ಚರ್ಮದ ಚೀಲ. ಪಶುವೈದ್ಯರು ಕ್ರಾಪ್ ಅಂತಾರೆ, ನಾನು ಇಲ್ಲಿ ಕಾಳುಚೀಲ ಅಂತ ಬರೀತೀನಿ. ಕಾಳು ಅಲ್ಲಿ ನೆನೆದು, ಸ್ವಲ್ಪ ಸ್ವಲ್ಪವೇ ಕೆಳಗೆ ಇಳಿಯುತ್ತೆ. ಆಮೇಲೆ ಅರೆಯೋ ಕೆಲಸ ಗಿಜರ್ಡ್‌ದು. ಕೋಳಿ ಕುಯ್ದಾಗ ಸೀಳಿ, ಒಳಗಿನ ಹಳದಿ ಸಿಪ್ಪೆ ಸುಲಿದು, ಕಲ್ಲು ಮರಳು ತೊಳೆದು ಸಾರಿಗೆ ಹಾಕ್ತೀವಲ್ಲ, ಆ ಗಟ್ಟಿ ಮಾಂಸದ ಗಂಟೇ ಅದು. ಅಂದ್ರೆ ಕಾಳುಚೀಲ ಮನೆಯ ಪಣತ ಇದ್ದ ಹಾಗೆ, ಗಿಜರ್ಡ್ ಬೀಸೋಕಲ್ಲು.

ಇದನ್ನ ಬರಹದಲ್ಲಿ ಇಟ್ಟ ಹಳಬರಲ್ಲಿ ಗ್ರೀಸಿನ ಅರಿಸ್ಟಾಟಲ್ ಒಬ್ಬ. ಕ್ರಿಸ್ತಪೂರ್ವ 4ನೇ ಶತಮಾನದವನು. ಕಾವಿಗೆ ಕೂರಿಸಿದ ಮೊಟ್ಟೆಗಳನ್ನ ಬೇರೆ ಬೇರೆ ದಿನ ಒಡೆದು ಒಳಗೆ ಏನಾಗಿದೆ ಅಂತ ನೋಡಿದವನು. ಮೂರು ದಿನ ಕಳೆದ ಮೇಲೆ ರಕ್ತದ ಚುಕ್ಕೆಯ ಹಾಗೆ ಹೃದಯ ಮಿಡಿಯೋದನ್ನ ಬರೆದಿದ್ದಾನೆ. ಹಲ್ಲಿಲ್ಲದ ಹಕ್ಕಿಗಳಿಗೆ ಹೊಟ್ಟೆಗೆ ಮುಂಚೆ ಇನ್ನೊಂದು ಚೀಲ ಯಾಕಿದೆ ಅನ್ನೋದನ್ನೂ ಯೋಚಿಸಿದ್ದಾನೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅವನ ಇನ್ನೊಂದು ಮಾತು. ಮರಿ ಹೊರಗೆ ಬಂದು ಹತ್ತು ದಿನ ಆದಮೇಲೂ ಕೊಯ್ದು ನೋಡಿದರೆ, ಕರುಳಿಗೆ ಅಂಟಿಕೊಂಡು ಹಳದಿ ಭಂಡಾರದ ಚೂರು ಉಳಿದಿರುತ್ತೆ ಅಂತ ಅವನು ಗುರುತಿಸಿದ್ದ. ಮರಿ ಮೊಟ್ಟೆಯೊಳಗಿನ ಬುತ್ತಿಯನ್ನ ಹೊಟ್ಟೆಯಲ್ಲೇ ಕಟ್ಟಿಕೊಂಡು ಬರುತ್ತೆ. ಈ ಬುತ್ತಿಯ ಮಾತು ಮುಂದೆ ಮತ್ತೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

ಇನ್ನು ರೋಮ್. ಅಲ್ಲಿ ಕೋಳಿ ಮೇಯೋದು ಬಿಡೋದು ರಾಜ್ಯದ ವಿಷಯ. ಯುದ್ಧಕ್ಕೆ ಹೋಗೋ ಮುಂಚೆ ಪಂಜರದಲ್ಲಿ ಸಾಕಿದ ಶಕುನದ ಕೋಳಿಗಳಿಗೆ ಮೇವು ಹಾಕ್ತಿದ್ರು. ಆತುರದಿಂದ ತಿಂದರೆ ಒಳ್ಳೇ ಶಕುನ, ಮೂತಿ ತಿರುಗಿಸಿದರೆ ಕೆಟ್ಟದ್ದು. ಕ್ರಿಸ್ತಪೂರ್ವ 249ರಲ್ಲಿ ಪುಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ಅನ್ನೋ ಸೇನಾಪತಿ ಡ್ರೆಪಾನದ ಸಮುದ್ರಯುದ್ಧಕ್ಕೆ ಹೊರಟಾಗ ಹಡಗಿನ ಕೋಳಿಗಳು ಮೇವು ಮುಟ್ಟಲಿಲ್ಲವಂತೆ. ತಿನ್ನದಿದ್ರೆ ಕುಡೀಲಿ ಅಂತ ಸಿಟ್ಟಿನಲ್ಲಿ ಸಮುದ್ರಕ್ಕೆ ಎಸೆಸಿದನಂತೆ. ಯುದ್ಧದಲ್ಲಿ ಹಡಗುಗಳನ್ನ ಕಳಕೊಂಡು ಸೋತ. ರೋಮಿನವರು ಈ ಕಥೆಯನ್ನ ಶಕುನಕ್ಕೆ ಅವಮಾನ ಮಾಡಿದ್ದಕ್ಕೆ ಆದ ಶಿಕ್ಷೆ ಅಂತ ಹೇಳ್ಕೊಂಡು ಬಂದ್ರು. ಹಡಗಿನ ಓಲಾಟದಲ್ಲಿ ಕೋಳಿಗೆ ಹಸಿವಾದರೂ ಹೇಗಾಗಬೇಕು ಅನ್ನೋದು ನನ್ನ ಅನುಮಾನ.

ಅದೇ ರೋಮಿನಲ್ಲಿ, ಮುನ್ನೂರು ವರ್ಷದ ಆಮೇಲೆ, ಮೇಯದ ಕೋಳಿಯನ್ನ ಶಕುನದ ಹಾಗೆ ನೋಡದೆ ರೈತನ ಕಣ್ಣಲ್ಲಿ ನೋಡಿದವನು ಬಂದ. ಹೆಸರು ಕೊಲ್ಯುಮೆಲ್ಲ. ಹುಟ್ಟಿದ್ದು ಸ್ಪೇನಿನ ಈಗಿನ ಕಾಡಿಝ್ ಊರಲ್ಲಿ, ಕ್ರಿಸ್ತಶಕ 1ನೇ ಶತಮಾನದಲ್ಲಿ. ಬೇಸಾಯದ ಬಗ್ಗೆ ಹನ್ನೆರಡು ಭಾಗದ ಪುಸ್ತಕ ಬರೆದ. ಎಂಟನೇ ಭಾಗ ಕೋಳಿ, ಪಾರಿವಾಳ, ಬಾತು ಮುಂತಾದ್ದಕ್ಕೆ. ಅದರಲ್ಲಿ ಮರಿಗಳ ಆರೈಕೆ ಹೇಳ್ತಾ ಅವನು ಬರೆದಿರೋದರ ಸಾರ ಇದು: ಮರಿಗಳಿಗೆ ಬಾರ್ಲಿ ಹಿಟ್ಟನ್ನ ನೀರಲ್ಲಿ ಬೇಯಿಸಿ ಮಿತವಾಗಿ ಕೊಡಿ. ಎಲ್ಲಕ್ಕಿಂತ ಹೆಚ್ಚು ಕಾಯಬೇಕಾದ್ದು ಅಜೀರ್ಣದಿಂದ. ಅದಕ್ಕೇ ಮರಿಗಳನ್ನ ತಾಯಿಯ ಜೊತೆ ಪಂಜರದಲ್ಲಿ ಇಟ್ಟು, ಹೊಸ ಮೇವಿಗೆ ಬಿಡೋ ಮುಂಚೆ ಒಂದೊಂದನ್ನೂ ಹಿಡಿದು, ಗಂಟಲಲ್ಲಿ ನಿನ್ನೆಯದು ಉಳಿದಿದೆಯಾ ಅಂತ ಮುಟ್ಟಿ ನೋಡಿ. ಚೀಲ ಖಾಲಿ ಇಲ್ಲ ಅಂದ್ರೆ ಅಜೀರ್ಣ ಅಂತ ಅರ್ಥ. ಅಂಥ ಮರಿಗೆ ಅರಗೋ ತನಕ ಮೇವು ಹಾಕಬೇಡಿ.

ಒಂದೊಂದನ್ನೂ ಅಂದಿದ್ದಾನೆ ನೋಡಿ. ದೊಡ್ಡ ಜಮೀನು, ಆಳುಗಳು ಇದ್ದ ಮನುಷ್ಯ. ಆದರೂ ಗುಂಪು ನೋಡಿ ತೀರ್ಮಾನ ಮಾಡಿ ಅನ್ನಲಿಲ್ಲ.

ಈ ಮಾತು ಯಾಕೆ ಸರಿ ಅಂತ ಗೊತ್ತಾಗೋಕೆ ಇನ್ನೂ 1700 ವರ್ಷ ಬೇಕಾಯ್ತು. 1752ರಲ್ಲಿ ಫ್ರಾನ್ಸಿನ ರಿಯೋಮರ್ ಹಕ್ಕಿಗಳ ಜೀರ್ಣದ ಮೇಲೆ ಪ್ರಯೋಗ ಪ್ರಕಟಿಸಿದ. ಲೋಹದ ಕೊಳವೆಯಲ್ಲಿ ಮಾಂಸ ಇಟ್ಟು ಹದ್ದಿಗೆ ನುಂಗಿಸಿದ. ಕೊಳವೆ ಹಾಗೇ ವಾಪಸ್ ಬಂತು, ಒಳಗಿನ ಮಾಂಸ ಮಾತ್ರ ಕರಗಿತ್ತು. ಅಂದ್ರೆ ಹದ್ದಿನ ಹೊಟ್ಟೆಯಲ್ಲಿ ರಸ ಕೆಲಸ ಮಾಡುತ್ತೆ. ಕಾಳು ತಿನ್ನೋ ಹಕ್ಕಿಗಳಲ್ಲಿ ಮೊದಲ ಕೆಲಸ ಗಿಜರ್ಡಿನ ಒತ್ತಡದ್ದು. ಇಟಲಿಯ ಸ್ಪಲ್ಲಂಝಾನಿ ಇನ್ನೂ ಮುಂದೆ ಹೋಗಿ, ಸೂಜಿ ನೆಟ್ಟ ಸೀಸದ ಗುಂಡನ್ನ ಟರ್ಕಿ ಕೋಳಿಗೆ ನುಂಗಿಸಿ, ಗಿಜರ್ಡ್ ಆ ಸೂಜಿಗಳನ್ನೇ ಮುರಿದು ಹಾಕೋದನ್ನ ತೋರಿಸಿದ. ಆ ಹಕ್ಕಿಗಳ ಪಾಡು ನೆನೆದರೆ ಅಯ್ಯೋ ಅನ್ಸುತ್ತೆ. ಆದರೆ ಬೀಸೋಕಲ್ಲಿನ ಬಲ ಎಷ್ಟು ಅಂತ ಗೊತ್ತಾದ್ದು ಹಾಗೆ.

ಹಾಗಾದ್ರೆ ಮೇಲಿನ ಚೀಲ ಏನು ಮಾಡುತ್ತೆ? ಇದಕ್ಕೆ ನನಗೆ ಇಷ್ಟವಾದ ಉತ್ತರ ಚಾರ್ಲ್ಸ್ ಡಾರ್ವಿನ್‌ನದ್ದು. ಬೀಜಗಳು ಸಮುದ್ರ ದಾಟಿ ದ್ವೀಪಗಳಿಗೆ ಹೇಗೆ ಹೋಗ್ತವೆ ಅನ್ನೋದು ಅವನ ಪ್ರಶ್ನೆ. 1859ರ 'ಒರಿಜಿನ್ ಆಫ್ ಸ್ಪೀಷೀಸ್' ಪುಸ್ತಕದಲ್ಲಿ, ಹಕ್ಕಿಯ ಕಾಳುಚೀಲದಲ್ಲಿ ಜೀರ್ಣರಸ ಸುರಿಯೋದಿಲ್ಲ, ಅಲ್ಲಿದ್ದ ಬೀಜದ ಮೊಳೆಯೋ ಶಕ್ತಿಗೆ ಏನೂ ಕೆಡುಕಾಗೋದಿಲ್ಲ, ತಾನೇ ಪರೀಕ್ಷೆ ಮಾಡಿದ್ದೀನಿ ಅಂತ ಬರೆದ. ಹಕ್ಕಿಯ ಕೊರಳಿಂದ ತೆಗೆದ ಕಾಳು ಮೊಳೆಯುತ್ತೆ! ರೈತನಿಗೆ ಇದಕ್ಕಿಂತ ಚೆನ್ನಾಗಿ ಹೇಗೆ ಹೇಳೋಕಾಗುತ್ತೆ? ಬೆಚ್ಚಗಿರೋ ಜಾಗ, ನೀರು, ಹಿಟ್ಟು. ನೀವು ದೋಸೆ ಹಿಟ್ಟು ಇಡೋ ಪಾತ್ರೆಯಲ್ಲೂ ಇರೋದು ಇದೇ ತಾನೇ? ಹೊತ್ತಿಗೆ ಸರಿಯಾಗಿ ಕೆಳಗೆ ಇಳೀಲಿಲ್ಲ ಅಂದ್ರೆ ಹುಳಿ ಬರಲೇಬೇಕು. ಕೊಲ್ಯುಮೆಲ್ಲ ಹೊಸ ಮೇವು ಹಾಕಬೇಡಿ ಅಂದದ್ದು ಇದಕ್ಕೇ. ಹುಳಿ ಬಂದ ಹಿಟ್ಟಿನ ಮೇಲೆ ಹೊಸ ಹಿಟ್ಟು ಸುರಿದರೆ ಅದೂ ಹುಳಿಯೇ ಆಗುತ್ತೆ.

ಇಲ್ಲಿಯ ತನಕ ಮರಿಯ ಪಕ್ಕ ತಾಯಿ ಇದ್ದಳು. ಆಮೇಲಿನ ಕಥೆ ತಾಯಿ ಇಲ್ಲದ ಮರಿಯದ್ದು.

ಕಾವಿಲ್ಲದೆ ಮರಿ ಮಾಡೋದು ಈಜಿಪ್ಟಿನವರ ಹಳೇ ವಿದ್ಯೆ. ಅಲ್ಲಿ ಮೊಟ್ಟೆಯನ್ನ ಗೊಬ್ಬರದ ಗುಂಡೀಲಿ ಹೂತು ಮರಿ ಮಾಡ್ತಾರೆ ಅಂತ ಅರಿಸ್ಟಾಟಲ್ ಕೂಡ ಬರೆದಿದ್ದಾನೆ. ಮೇಲೆ ಹೇಳಿದ ರಿಯೋಮರ್ 1749ರಲ್ಲಿ ಇದರ ಬಗ್ಗೆಯೇ ಒಂದು ಪುಸ್ತಕ ಬರೆದು ಯೂರೋಪಿಗೆ ಕಲಿಸೋಕೆ ನೋಡಿದ. 19ನೇ ಶತಮಾನದ ಕೊನೆಗೆ ಇನ್‌ಕ್ಯುಬೇಟರ್ ವ್ಯಾಪಾರವಾಯ್ತು. ಆಗ ಅರಿಸ್ಟಾಟಲ್ ಕಂಡಿದ್ದ ಬುತ್ತಿ ಕೆಲಸಕ್ಕೆ ಬಂತು. ಹೊಟ್ಟೆಯಲ್ಲಿ ಭಂಡಾರ ಇರೋದರಿಂದ ಹುಟ್ಟಿದ ಮರಿ ಎರಡು ಮೂರು ದಿನ ಮೇವು ನೀರಿಲ್ಲದೆ ತಡಕೊಳ್ಳುತ್ತೆ. 1918ರಿಂದ ಅಮೆರಿಕದ ಅಂಚೆ ಇಲಾಖೆ ಒಂದು ದಿನದ ಮರಿಗಳನ್ನ ಪಾರ್ಸಲ್ ತಗೊಳ್ಳೋಕೆ ಶುರು ಮಾಡ್ತು. ಇವತ್ತು ನಮ್ಮ ಊರಿಗೆ ರಟ್ಟಿನ ಡಬ್ಬದಲ್ಲಿ ಬರೋ ಬ್ರಾಯ್ಲರ್ ಮರಿ ಇರಲಿ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ರೂಪಿಸಿದ ಗಿರಿರಾಜ ಇರಲಿ, ಆ ಬುತ್ತಿ ನಂಬಿಕೊಂಡೇ ಪ್ರಯಾಣ ಮಾಡ್ತವೆ.

ಆದರೆ ತಡಕೊಳ್ಳುತ್ತೆ ಅಂದ್ರೆ ಚೆನ್ನಾಗಿರುತ್ತೆ ಅಂತ ಅಲ್ಲ. ಬಾಯಾರಿ ಬಂದ ಮರಿ ನೀರಿಗಿಂತ ಮುಂಚೆ ಒಣ ಹಿಟ್ಟು ಮೇಯ್ದರೆ ಚೀಲದಲ್ಲಿ ಅದು ಉಂಡೆ ಕಟ್ಟುತ್ತೆ. ಮೇವಿನ ತಟ್ಟೆ ಸಿಗದಿದ್ದರೆ ಕೆಳಗೆ ಹಾಸಿದ ಭತ್ತದ ಹೊಟ್ಟನ್ನೇ ಹೆಕ್ಕುತ್ತೆ. ಹೊಟ್ಟು ನೆನೆಯೋದೂ ಇಲ್ಲ, ಕೆಳಗೆ ಇಳಿಯೋದೂ ಇಲ್ಲ. ಚಳಿ ಹತ್ತಿದ ಮರಿಯ ಕರುಳು ನಿಧಾನ ಆಗುತ್ತೆ, ಮೇಲಿನದ್ದು ಮೇಲೇ ನಿಲ್ಲುತ್ತೆ. ತಾಯಿ ಇದ್ದಿದ್ರೆ ಏನು ಹೆಕ್ಕಬೇಕು ಅಂತ ಕೊಕ್ಕಿನಿಂದ ತೋರಿಸ್ತಿದ್ದಳು, ಮೈಯ ಕೆಳಗೆ ಸೇರಿಸ್ಕೊಂಡು ಬಿಸಿ ಕೊಡ್ತಿದ್ದಳು. ಅವಳ ಎರಡು ಕೆಲಸ ಈಗ ನಮ್ಮ ತಟ್ಟೆಗೂ ಬಲ್ಬಿಗೂ ಬಂದಿದೆ.

ಕೊಲ್ಯುಮೆಲ್ಲನ ಬೆರಳು ಇಲ್ಲಿ ಮತ್ತೆ ಕಾಣಿಸ್ಕೊಳ್ಳುತ್ತೆ, ಆದರೆ ಉಲ್ಟಾ. ಬ್ರಾಯ್ಲರ್ ಕಂಪನಿಗಳ ಕೈಪಿಡಿಗಳಲ್ಲಿ ಕಾಳುಚೀಲದ ಪರೀಕ್ಷೆ ಅಂತಲೇ ಇದೆ. ಮರಿ ಬಿಟ್ಟ ಎರಡು ಗಂಟೆಗೆ ನಾಲ್ಕರಲ್ಲಿ ಮೂರು ಮರಿಯ ಚೀಲದಲ್ಲಾದರೂ ಮೇವಿರಬೇಕು. 24 ಗಂಟೆಗೆ ನೂರಕ್ಕೆ 95ರಲ್ಲಿ ತುಂಬಿರಬೇಕು. ಮುಟ್ಟಿದರೆ ಗಂಜಿಯ ಹಾಗೆ ಮೆತ್ತಗಿರಬೇಕು. ಗಟ್ಟಿ ಇದ್ದರೆ ನೀರು ಸಾಲದು, ಬರೀ ನೀರಿನ ಬುಗ್ಗೆಯಾದರೆ ಮೇವು ಸಿಕ್ಕಿಲ್ಲ.

ಮೊದಲ ಸಲ ಇದನ್ನ ಓದಿದಾಗ ನನಗೆ ಅನ್ನಿಸ್ತು: ಅವನು ಖಾಲಿ ಇರಬೇಕು ಅಂತಾನೆ, ಇವರು ತುಂಬಿರಬೇಕು ಅಂತಾರೆ, ಯಾರು ಸರಿ? ಇಬ್ಬರೂ ಸರಿ. ಅವನು ಮುಟ್ಟೋದು ಬೆಳಗ್ಗೆ, ರಾತ್ರಿಯಿಡೀ ತಾಯಿಯ ಕೆಳಗೆ ಮಲಗಿ ಎದ್ದ ಮರಿಯನ್ನ. ಇವರು ಮುಟ್ಟೋದು ಮೊದಲ ದಿನ ಬಲ್ಬ್ ಆರದ ಶೆಡ್ಡಲ್ಲಿ, ಇಡೀ ದಿನ ಮೇಯ್ತಾ ಇರೋ ಮರಿಯನ್ನ. ಅವನು ಕೇಳೋದು ಇಳೀತಾ ಅಂತ, ಇವರು ಕೇಳೋದು ಸೇರ್ತಾ ಅಂತ. ನಾಟಿ ಸಾಕೋ ನಮಗೆ ಎರಡು ಪ್ರಶ್ನೆಯೂ ಬೇಕು. ರಾತ್ರಿ ಗೂಡಿಗೆ ಸೇರಿಸುವಾಗ ಚೀಲ ತುಂಬಿರಬೇಕು, ಬೆಳಗ್ಗೆ ಬಿಡುವಾಗ ಖಾಲಿ ಇರಬೇಕು. ರಾತ್ರಿ ಖಾಲಿ ಇದ್ದರೆ ಮೇವಿನ ತೊಂದರೆ ಅಥವಾ ದೊಡ್ಡ ಮರಿಗಳ ದಬ್ಬಾಳಿಕೆ. ಬೆಳಗ್ಗೆ ತುಂಬಿದ್ದರೆ ರೋಗದ ಮೊದಲ ಸುಳಿವು.

ಇನ್ನು ಔಷಧಿಯ ಇತಿಹಾಸ. ಚೀಲದಲ್ಲಿ ನಿಂತದ್ದು ಹುಳಿಯಾದಾಗ ಅಲ್ಲಿ ಬೆಳೆಯೋ ಮುಖ್ಯ ಜೀವಿ ಕ್ಯಾಂಡಿಡಾ ಅನ್ನೋ ಯೀಸ್ಟ್ ಜಾತಿಯ ಶಿಲೀಂಧ್ರ. ಎಳೇ ಮಕ್ಕಳ ನಾಲಿಗೆ ಮೇಲೆ ಬಿಳಿ ಪದರ ಕಟ್ಟೋದೂ ಇದರಿಂದಲೇ. ಸತ್ತ ಮರಿಯ ಚೀಲ ಸೀಳಿದರೆ ಒಳಗೋಡೆ ದಪ್ಪಗಾಗಿ, ಮೊಸರಿನ ಕೆನೆಯ ಹಾಗೆ ಬಿಳಿ ಅಂಟಿರುತ್ತೆ. ಬಾಯಿ ಹುಳಿ ವಾಸನೆ.

1950ನೇ ಇಸವಿಯಲ್ಲಿ ಎರಡು ಸುದ್ದಿ ಬಂತು. ಒಂದು, ಅಮೆರಿಕದ ಲೆಡರ್ಲಿ ಕಂಪನಿಯ ಸ್ಟೋಕ್‌ಸ್ಟಾಡ್ ಮತ್ತು ಜ್ಯೂಕ್ಸ್ ಅನ್ನೋ ವಿಜ್ಞಾನಿಗಳದ್ದು. ಮರಿಗಳ ಮೇವಿಗೆ ಆರಿಯೋಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ಸ್ವಲ್ಪ ಬೆರೆಸಿದರೆ ಬೇಗ ಬೆಳೀತವೆ ಅಂದ್ರು. ರೋಗ ಇಲ್ಲದ ಮರಿಗೂ ದಿನಾ ಔಷಧಿ ತಿನ್ನಿಸೋ ಕಾಲ ಅಲ್ಲಿಂದ ಶುರು. ಎರಡನೆಯದು ಇಬ್ಬರು ಹೆಂಗಸರದ್ದು: ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನ ಜೀವಿಗಳನ್ನ ಬೆಳೆಸಿ, ಗಾಜಿನ ಜಾಡಿಗಳಲ್ಲಿ ಅಂಚೆಯಲ್ಲೇ ಕಳಿಸ್ಕೊಂಡು ಕೆಲಸ ಮಾಡ್ತಿದ್ರು. ಹುಡುಕ್ತಿದ್ದದ್ದು ಶಿಲೀಂಧ್ರ ಕೊಲ್ಲೋ ಔಷಧಿ. ಸಿಕ್ಕಿದ್ದು ವರ್ಜೀನಿಯಾದಲ್ಲಿ ಹೇಝನ್‌ರ ಸ್ನೇಹಿತರಾದ ನರ್ಸ್ ಅನ್ನೋ ಮನೆತನದ ಹಸು ಫಾರ್ಮಿನ ಮಣ್ಣಲ್ಲಿ. ಆ ಜೀವಿಗೆ ಆ ಮನೆಯವರ ಹೆಸರೇ ಇಟ್ಟರು, ಔಷಧಿಗೆ ತಮ್ಮ ರಾಜ್ಯದ ಹೆಸರಿಂದ ನಿಸ್ಟಾಟಿನ್ ಅಂದ್ರು. ಪೇಟೆಂಟಿನಿಂದ ಬಂದ 1.3 ಕೋಟಿ ಡಾಲರಿಗೂ ಹೆಚ್ಚು ಹಣವನ್ನ ತಾವು ಇಟ್ಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಹಸು ಕಟ್ಟಿದ ಜಾಗದ ಮಣ್ಣಿಂದ ಬಂದ ಔಷಧಿ ಈಗಲೂ ಮಗುವಿನ ನಾಲಿಗೆಗೂ, ವೈದ್ಯರು ಬರೆದುಕೊಟ್ಟರೆ ಕೋಳಿಯ ಕಾಳುಚೀಲಕ್ಕೂ ಆಗುತ್ತೆ.

ಈ ಎರಡು ಸುದ್ದಿಗೂ ಸಂಬಂಧ ಇದೆ. ಆ್ಯಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನ, ಕ್ಯಾಂಡಿಡಾವನ್ನ ಅಲ್ಲ. ಚೀಲದ ಗೋಡೆಗೆ ಅಂಟಿಕೊಂಡು ಶಿಲೀಂಧ್ರಕ್ಕೆ ಜಾಗ ಕೊಡದೆ ಕಾಯ್ತಾ ಇದ್ದ ಒಳ್ಳೇ ಬ್ಯಾಕ್ಟೀರಿಯಾ ಸತ್ತರೆ, ಕ್ಯಾಂಡಿಡಾಗೆ ಬೇಲಿ ಕಿತ್ತ ಹೊಲ ಸಿಕ್ಕ ಹಾಗೆ. ಹೆಚ್ಚು ದಿನ ಆ್ಯಂಟಿಬಯೋಟಿಕ್ ತಿಂದ ಹಕ್ಕಿಗಳಲ್ಲಿ ಈ ರೋಗ ಬರೋ ಸಂಭವ ಜಾಸ್ತಿ ಅಂತ ಪಶುವೈದ್ಯ ಪುಸ್ತಕಗಳೆಲ್ಲ ಹೇಳ್ತವೆ. ಕೊರಳು ಊದಿದ ಮರಿಗೆ ಅಂಗಡಿಯ ಹಳದಿ ಪುಡಿ ಕಲಸಿ ಕುಡಿಸೋರು ಇದನ್ನ ದಯವಿಟ್ಟು ಎರಡು ಸಲ ಓದಬೇಕು. ಹುಳಿಚೀಲದ ಮರಿಗೆ ಆ ಪುಡಿ ಬೆಂಕಿಗೆ ತುಪ್ಪ ಸುರಿದ ಹಾಗೆ. ಇದು ಬರೀ ಮರಿಯ ವಿಷಯವೂ ಅಲ್ಲ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ಕೊಡೋ ಕೊಲಿಸ್ಟಿನ್ ಅನ್ನೋ ಔಷಧಿಯನ್ನ ಕೋಳಿ ಮೇವಿಗೆ ಸುರೀತಿದ್ದದ್ದಕ್ಕೇ 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನ ಕೋಳಿ, ದನ, ಮೀನುಗಳಿಗೆ ನಿಷೇಧಿಸ್ತು.

ಮಲೆನಾಡಿನವರು ಇನ್ನೊಂದು ಕೇಳ್ತಾರೆ: "ಶಿಲೀಂಧ್ರ ಅಂದ್ರೆ ಮೈಲುತುತ್ತ ಸಾಕಲ್ವಾ?" ಕೇಳೋದರಲ್ಲಿ ಅರ್ಥ ಇದೆ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಗೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಪ್ರಕಟಿಸಿದ. ಮೈಸೂರು ಸರ್ಕಾರಕ್ಕೆ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನ ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದರು. 1910ರಲ್ಲಿ ಆ ರೋಗದ ಬಗ್ಗೆ ಅವರ ವರದಿಯೂ ಬಂತು. ಕೋಳಿಯ ಕಾಳುಚೀಲದ ರೋಗಕ್ಕೂ ಕುಡಿಯೋ ನೀರಿನಲ್ಲಿ ಅತಿ ತೆಳುವಾಗಿ, ಎರಡು ಸಾವಿರಕ್ಕೆ ಒಂದು ಪಾಲು ಮೈಲುತುತ್ತ ಬೆರೆಸೋ ರೂಢಿ ಬಹಳ ಕಾಲ ಇತ್ತು. ಅದರಿಂದ ನಿಜಕ್ಕೂ ಗುಣ ಆಗುತ್ತಾ ಅನ್ನೋದರಲ್ಲಿ ಮಾತ್ರ ತಜ್ಞರಿಗೇ ಒಮ್ಮತ ಇಲ್ಲ. ಅಡಿಕೆ ಗೊನೆಗೆ ಹೊಡೆಯೋ ಅಳತೆ ಮರಿಗೆ ವಿಷ. ಒಂದು ಚಿಟಿಕೆ ಹೆಚ್ಚಾದರೂ ಮರಿ ಉಳಿಯೋದಿಲ್ಲ. ನಮ್ಮಲ್ಲಿ ನಾನು ಬಳಸೋದಿಲ್ಲ, ಬಳಸಿ ಅಂತಲೂ ಹೇಳೋದಿಲ್ಲ.

ಮಜ್ಜಿಗೆ? ಇದರಲ್ಲೂ ಒಂದು ಇತಿಹಾಸ ಇದೆ. 1971ರ ಸುಮಾರಿಗೆ ಫಿನ್ಲೆಂಡಿನ ಬ್ರಾಯ್ಲರ್ ಶೆಡ್ಡುಗಳಲ್ಲಿ ಸಾಲ್ಮೊನೆಲ್ಲಾ ಹರಡಿತು. ಅಲ್ಲಿಯ ನುರ್ಮಿ ಮತ್ತು ರಂಟಾಲ ಅನ್ನೋರು, ಆರೋಗ್ಯವಾದ ದೊಡ್ಡ ಕೋಳಿಯ ಕರುಳಿನಲ್ಲಿದ್ದದ್ದನ್ನ ತೆಳು ಮಾಡಿ ಹೊಸ ಮರಿಗಳಿಗೆ ಕುಡಿಸಿದರೆ ರೋಗ ಹತ್ತೋದು ಕಡಿಮೆ ಅಂತ 1973ರಲ್ಲಿ ತೋರಿಸಿದ್ರು. ಅಂದ್ರೆ ತಾಯಿ ಹಿಕ್ಕೆ ಕೆದರಿದ ಜಾಗದಲ್ಲಿ ಮರಿ ಹೆಕ್ಕುವಾಗ ಅವಳ ಒಳ್ಳೇ ಜೀವಿಗಳೂ ಬಳುವಳಿಯಾಗಿ ಬರ್ತಿದ್ದವು. ಇನ್‌ಕ್ಯುಬೇಟರ್ ಮರಿಗೆ ಆ ಬಳುವಳಿ ಇಲ್ಲ. ಅದೇ 1973ರಲ್ಲಿ ಇಂಗ್ಲೆಂಡಿನ ರಾಯ್ ಫುಲ್ಲರ್ ಕಾಳುಚೀಲದ ಗೋಡೆಗೆ ಅಂಟಿ ಬಾಳೋ ಲ್ಯಾಕ್ಟೊಬ್ಯಾಸಿಲಸ್ ಬಗ್ಗೆ ಬರೆದ. ಮೊಸರಿನ ಬಳಗದ್ದೇ. ಆದರೆ ಹಕ್ಕಿಯಲ್ಲಿ ಹುಟ್ಟಿ ಬೆಳೆದದ್ದು ಮಾತ್ರ ಹಕ್ಕಿಯ ಚೀಲಕ್ಕೆ ಅಂಟುತ್ತೆ, ಬೇರೆ ಕಡೆಯದ್ದು ಅಂಟೋದಿಲ್ಲ. ಹಾಗಾಗಿ ನೀರು ಮಜ್ಜಿಗೆ ಸ್ವಲ್ಪ ಕೊಟ್ಟರೆ ಕೇಡಿಲ್ಲ, ಹುಳಿ ಗುಣವೇ ಕಾಪಾಡೀತು. ಅದು ತಾಯಿಯ ಬದಲಿ ಆಗೋದಿಲ್ಲ. ಸಾಧ್ಯ ಇರೋರು ಒಂದೆರಡು ಬ್ಯಾಚನ್ನಾದರೂ ಹೇಂಟೆಯ ಕೆಳಗೇ ಮಾಡಿಸಿ ನೋಡಿ.

ಈಗ ಅಂಗಳದ ಮಾತು. ಬೆಳಗ್ಗೆ ಚೀಲ ತುಂಬಿರೋ ಮರಿ ಸಿಕ್ಕರೆ ನಾನು ಮಾಡೋದು ಇಷ್ಟು:

ಬೇರೆ ಮಂಕರಿಯಲ್ಲಿ, ಬಲ್ಬಿನ ಬಿಸಿಯಲ್ಲಿ ಇಡೋದು. ಮೊದಲ ವಾರದ ಮರಿಗೆ 33-35 ಡಿಗ್ರಿ ಬೇಕು. ಬಿಸಿ ಇಲ್ಲದೆ ಯಾವ ಮದ್ದೂ ನಾಟೋದಿಲ್ಲ.

ಊತ ಗಟ್ಟಿ ಇದ್ದರೆ ಉಗುರು ಬೆಚ್ಚಗಿನ ನೀರನ್ನ ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಮುಟ್ಟಿಸಿ, ತಾನೇ ನುಂಗೋಕೆ ಬಿಟ್ಟು, ಬೆರಳ ತುದಿಯಲ್ಲಿ ಮೆಲ್ಲಗೆ ನೀವೋದು. ಉಂಡೆ ಸಡಿಲ ಆಗುತ್ತೆ. ಬಾಯಿಗೆ ನೀರು ಸುರಿಯಬಾರದು.

ಮೆತ್ತಗಿದ್ದು ಹುಳಿ ವಾಸನೆ ಬಂದರೆ ನೀವೋದೂ ಬೇಡ. ಕೆಲವು ಗಂಟೆ ಮೇವು ನಿಲ್ಲಿಸಿ, ಶುದ್ಧ ನೀರು ಮಾತ್ರ ಇಟ್ಟು, ಪಶುವೈದ್ಯರಿಗೆ ತೋರಿಸೋದು. ತಲೆಕೆಳಗೆ ಹಿಡಿದು ಹಿಂಡಿ ಕಕ್ಕಿಸೋ ರೂಢಿ ಕೆಲವರಲ್ಲಿದೆ. ಎಳೇ ಮರಿಗೆ ಮಾಡಲೇಬೇಡಿ. ಕಕ್ಕಿದ್ದು ಉಸಿರುನಾಳಕ್ಕೆ ಹೋದರೆ ಕೈಯಲ್ಲೇ ಪ್ರಾಣ ಹೋಗುತ್ತೆ.

ಉಪವಾಸ ದೊಡ್ಡ ಕೋಳಿಯ ಹಾಗೆ ಇಡೀ ದಿನ ಬೇಡ. ಹೊಟ್ಟೆಯ ಬುತ್ತಿ ಮುಗಿದ ಮರಿ ಹೆಚ್ಚು ಹೊತ್ತು ತಡಕೊಳ್ಳೋದಿಲ್ಲ. ಚೀಲ ಇಳಿದ ಮೇಲೆ ನೆನೆಸಿದ ಮೇವು, ಚೂರೇ ಚೂರು.

ಉಳಿದ ಮರಿಗಳನ್ನೂ ಅವತ್ತೇ ಮುಟ್ಟಿ ನೋಡೋದು. ಒಂದೇ ಮರಿಗೆ ಆಗಿದ್ದರೆ ಆ ಮರಿಯ ತೊಂದರೆ. ಐದಾರಕ್ಕೆ ಆಗಿದ್ದರೆ ನೀರಿನ ಡಬ್ಬ, ಮೇವಿನ ಬೂಷ್ಟು, ಹಾಸಿದ ಹೊಟ್ಟು, ಬಲ್ಬಿನ ಎತ್ತರ, ಇವುಗಳಲ್ಲಿ ಯಾವುದೋ ಒಂದು ತಪ್ಪಿದೆ ಅಂತ ಲೆಕ್ಕ.

ಮನೆ ಹಿಂದೆ ಹತ್ತು ಹದಿನೈದು ಕೋಳಿ ಸಾಕೋದು ನಮ್ಮ ಕಡೆ ಬಹುಪಾಲು ಹೆಂಗಸರು. ಆ ದುಡ್ಡಲ್ಲಿ ಮಕ್ಕಳ ಪುಸ್ತಕ, ಮನೆಯ ಸಣ್ಣಪುಟ್ಟ ಖರ್ಚು ನಡೆಯುತ್ತೆ. ಹನ್ನೆರಡು ಮರಿಯಲ್ಲಿ ನಾಲ್ಕು ಹೋದರೆ ಅದು ಯಾವ ಲೆಕ್ಕಪುಸ್ತಕಕ್ಕೂ ಬರೋದಿಲ್ಲ, ಆ ಮನೆಗೆ ಮಾತ್ರ ಗೊತ್ತಾಗುತ್ತೆ. ಆ ನಾಲ್ಕನ್ನ ಉಳಿಸೋಕೆ ಮೊದಲು ಬೇಕಾದ್ದು ಕಾಸು ಖರ್ಚಿಲ್ಲದ ಒಂದು ಬೆರಳು, ದಿನಕ್ಕೆ ಎರಡು ಹೊತ್ತು.

ನಿಮ್ಮ ಕಡೆ ಈ ಚೀಲಕ್ಕೆ ಏನಂತ ಕರೀತೀರಿ ಅನ್ನೋದನ್ನೂ ತಿಳಿಸಿ. ಮನೆಯ ಹಿರಿಯರನ್ನ ಕೇಳಿ. ಹಳೇ ಮಾತು ಇದ್ದೇ ಇರುತ್ತೆ, ಮುಂದಿನ ಸಲ ಆ ಮಾತಿನಲ್ಲೇ ಬರೀತೀನಿ.